ಹತ್ತು ವರ್ಷಕ್ಕೊಂದು ಹಾಸಿಗೆ

ಹಾಸಿಗೆ ಅಂಗಡಿಯ ಕಿರಿಸೊಸೆಗೆ ಮೇಲಮ್ಮ ಎಂದು ಹೆಸರಿಟ್ಟವನು ಅವಳ ಭಾವ. ಪ್ರತಿ ಗುರುವಾರ ಬೆಳಿಗ್ಗೆ ಗಿರಾಕಿಗಳಿಗೆಲ್ಲ ಇಮೇಲ್ ಕಳಿಸುವ ಕೆಲಸವನ್ನು ಅವಳು ಹಚ್ಚಿಕೊಂಡ ಮೇಲೆ ಬಂದ ಹೆಸರು ಅದು. "ಏನು ಮೇಲಮ್ಮ, ಇವತ್ತು ಮೇಲಿಂದ ಏನು ಉದುರಿಸಿದೆ?" ಎಂದು ಕೇಳಿ ತಾನೇ ನಗುತ್ತಿದ್ದ. ಗಂಡನ ಅಣ್ಣ, ಅಂಗಡಿಯ ಯಜಮಾನ ಬೇರೆ. ಅವಳು ಅರ್ಧ ನಕ್ಕು ಕೆಲಸಕ್ಕೆ ಮರಳುತ್ತಿದ್ದಳು.

ಕಷ್ಟ ಇದ್ದದ್ದು ಸರಕಿನಲ್ಲೇ. ತರಕಾರಿ ಅಂಗಡಿಗಾದರೆ ದಿನಾ ಬರುವವರಿರುತ್ತಾರೆ. ಹಾಸಿಗೆ ಕೊಂಡವರು ಮತ್ತೆ ಹತ್ತು ವರ್ಷ ಅಂಗಡಿಯ ಕಡೆ ತಲೆ ಹಾಕುವುದಿಲ್ಲ. ಅಂಥವರಿಗೆ ವಾರ ವಾರ ಏನೆಂದು ಬರೆಯುವುದು? 'ನಿಮ್ಮ ಹಾಸಿಗೆ ಹೇಗಿದೆ?' ಎಂದು ಎರಡು ವಾರ ಕೇಳಬಹುದು. ಮೂರನೇ ವಾರವೂ ಕೇಳಿದರೆ ಓದುವವರಿಗೆ ಹಾಸಿಗೆಯ ಮೇಲೇ ಅನುಮಾನ ಬಂದೀತು.

ಹಾಗಾಗಿ ಅವಳು ನಿದ್ದೆಯ ಬಗ್ಗೆ ಬರೆಯತೊಡಗಿದಳು. ಹಾಸಿಗೆಯನ್ನು ಆಗಾಗ ತಲೆಗಡೆಯಿಂದ ಕಾಲುಗಡೆಗೆ ಏಕೆ ತಿರುಗಿಸಬೇಕು, ಚೆಲ್ಲಿದ ಚಹಾದ ಕಲೆ ತೆಗೆಯುವುದು ಹೇಗೆ, ಒಬ್ಬರಿಗೆ ಸೆಕೆ ಒಬ್ಬರಿಗೆ ಚಳಿ ಆಗುವ ಮನೆಯಲ್ಲಿ ಹೊದಿಕೆ ಹಂಚಿಕೊಳ್ಳುವ ಬಗೆ ಏನು, ಹೀಗೆ. ಮೊದಲ ತಿಂಗಳುಗಳಲ್ಲಿ ಬಾವಿಗೆ ಕಲ್ಲು ಹಾಕಿದಂತೆ. ಸದ್ದೂ ಇಲ್ಲ. ಆಮೇಲೊಮ್ಮೆ ರಾತ್ರಿ ಪಾಳಿಯ ಬಸ್ ಡ್ರೈವರೊಬ್ಬ ಉತ್ತರ ಬರೆದ: 'ನಾನು ಮಲಗೋದೇ ಹಗಲು. ನನಗೇನು ಹೇಳ್ತೀರಿ?' ಅವಳು ಆ ಪ್ರಶ್ನೆಯನ್ನೇ ಮುಂದಿನ ಗುರುವಾರ ಎಲ್ಲರ ಮುಂದಿಟ್ಟಳು. ಹಗಲು ಮಲಗುವವರು ಊರಲ್ಲಿ ಇಷ್ಟೊಂದು ಜನ ಇದ್ದಾರೆಂದು ಅವಳಿಗೆ ಗೊತ್ತೇ ಇರಲಿಲ್ಲ. ದಪ್ಪ ಪರದೆ ಹಾಕಿ, ಫೋನನ್ನು ಅಡುಗೆಮನೆಯಲ್ಲಿಡಿ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ ಎಂದು ಉತ್ತರಗಳ ಮೇಲೆ ಉತ್ತರ. ನಿವೃತ್ತ ನರ್ಸೊಬ್ಬರಂತೂ ಪ್ರತಿ ವಾರವೂ ನಾಲ್ಕು ಸಾಲು ಬರೆಯದೆ ಬಿಡುತ್ತಿರಲಿಲ್ಲ. ಎರಡು ತಿಂಗಳಲ್ಲಿ ಐದು ಜನ 'ನಿಮ್ಮ ಮೇಲ್ ನೋಡಿ ಬಂದ್ವಿ' ಎಂದು ಬಂದು ಹಾಸಿಗೆ ಕೊಂಡರು.

ಭಾವನಿಗೆ ಸಮಾಧಾನವಿಲ್ಲ.

"ಇದರಲ್ಲಿ ಬೆಲೆ ಎಲ್ಲಿದೆ?"

"ಕೊನೇಲಿದೆ ಭಾವ."

"ಕೊನೇ ತನಕ ಯಾರು ಓದ್ತಾರೆ?"

"ಓದ್ತಾರೆ. ಓದಿ ನಮ್ಮನ್ನ ನಂಬ್ತಾರೆ."

"ಆ ನಂಬಿಕೇನ ಗೋಡೌನಲ್ಲಿ ಪೇರಿಸಿಟ್ಟು ನಾನೇನು ಮಾಡ್ಲಮ್ಮ? ಅಲ್ಲಿ ಕಾಲಿಡೋಕೆ ಜಾಗ ಇಲ್ಲ."

ಅಷ್ಟರಲ್ಲಿ ಅವಳ ತಾಯಿಗೆ ಕಣ್ಣಿನ ಆಪರೇಷನ್ ಆಯಿತು. ಆ ಗುರುವಾರದ ಮೇಲನ್ನು ತಾನಾಗಿಯೇ ಹೋಗುವಂತೆ ಸಿದ್ಧಮಾಡಿಟ್ಟು ಅವಳು ತವರಿಗೆ ಹೋದಳು. ಹತ್ತು ದಿನ ತಾಯಿಯ ಕಣ್ಣಿಗೆ ಹನಿ ಹಾಕುವುದು, ತಲೆಗೆ ನೀರು ತಾಗದಂತೆ ನೋಡಿಕೊಳ್ಳುವುದು, ಇದರಲ್ಲೇ ಕಳೆಯಿತು.

ವಾಪಸು ಬಂದು ಅಂಗಡಿಯ ಕಂಪ್ಯೂಟರ್ ತೆರೆದವಳು ಕುರ್ಚಿಯಲ್ಲಿ ಕೂರುವುದನ್ನೇ ಮರೆತಳು. ದಿನಕ್ಕೊಂದರಂತೆ ವಾರವಿಡೀ ಮೇಲ್ ಹೋಗಿತ್ತು. ಎಲ್ಲದರ ತಲೆಬರಹವೂ ಒಂದೇ, ಕೆಂಪು ಅಕ್ಷರದಲ್ಲಿ: 'ಭಾರಿ ರಿಯಾಯಿತಿ! ಇಂದೇ ಕೊನೆಯ ದಿನ!' ಅದರ ಕೆಳಗೆ ಅವಳಿಗೆ ಬೇಕಿಲ್ಲದ ಲೆಕ್ಕ. ಓದುಗರಲ್ಲಿ ಮೂರನೇ ಒಂದು ಪಾಲು ಜನ 'ಇನ್ನು ಕಳಿಸಬೇಡಿ' ಎಂಬ ಗುಂಡಿ ಒತ್ತಿ ಎದ್ದು ಹೋಗಿದ್ದರು. ಕಾರಣ ಬರೆಯುವ ಜಾಗದಲ್ಲಿ ನರ್ಸಮ್ಮ ಬರೆದಿದ್ದರು: 'ಗುರುವಾರದ್ದು ಚೆನ್ನಾಗಿತ್ತು. ದಿನಾ ಬೇಡಮ್ಮ, ಬೇಜಾರು ಮಾಡ್ಕೋಬೇಡ.'

ಅವಳು ನೇರ ಗಲ್ಲಾಪೆಟ್ಟಿಗೆಯ ಹತ್ತಿರ ಹೋದಳು.

"ಭಾವ, ಇದೇನು ಮಾಡಿದ್ದೀರಿ?"

"ವ್ಯಾಪಾರ ಮಾಡಿದ್ದೀನಿ." ಅವನು ತಲೆಯೆತ್ತಲಿಲ್ಲ. "ಒಂದೇ ವಾರ, ಏಳು ಹಾಸಿಗೆ. ಗೋಡೌನಲ್ಲಿ ಈಗ ಓಡಾಡಬಹುದು, ಹೋಗಿ ನೋಡು."

ಏಳು ಐದಕ್ಕಿಂತ ಹೆಚ್ಚೇ. ಅದೂ ಒಂದೇ ವಾರದಲ್ಲಿ. ಆದರೂ ಬಿಲ್ಲುಗಳನ್ನು ತಿರುವಿ ಹಾಕಿದಾಗ ಒಂದು ಹೆಸರು ಕಣ್ಣಿಗೆ ಬಿತ್ತು.

"ಈ ಟೀಚರು ನನ್ನ ಹತ್ರ ಅಳತೆ ಎಲ್ಲಾ ಕೇಳಿ, ಸಂಬಳ ಆದ್ಮೇಲೆ ಬರ್ತೀನಿ ಅಂದಿದ್ರು. ಪೂರ್ತಿ ಬೆಲೆಗೇ ತಗೊಳ್ಳೋರಿದ್ರು."

"ಈಗ ತಗೊಂಡ್ರಲ್ಲ, ಅದಕ್ಕೇನೀಗ?"

ಅವಳು ಬಿಲ್ಲುಗಳನ್ನು ಅಲ್ಲೇ ಕುಕ್ಕಿ ಹಿಂದಕ್ಕೆ ನಡೆದಳು. ಗಂಡ ಹಿಂಬಾಗಿಲಲ್ಲಿ ವ್ಯಾನಿಗೆ ಹಾಸಿಗೆ ಏರಿಸುತ್ತಿದ್ದ. ಮೇಲ್ ಕಳಿಸುವ ಪಾಸ್‌ವರ್ಡ್ ಅವಳನ್ನು ಬಿಟ್ಟರೆ ಗೊತ್ತಿದ್ದದ್ದು ಅವನೊಬ್ಬನಿಗೇ, ಭಾವನಿಗೆ ಕೊಟ್ಟವನೂ ಅವನೇ. ಅವಳ ಮುಖ ನೋಡಿದ್ದೇ ಹಗ್ಗ ಬಿಗಿಯುವುದರಲ್ಲಿ ಮುಳುಗಿಹೋದ.

"ಅಣ್ಣ ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ?"

"ನನ್ನನ್ನೊಂದು ಮಾತು ಕೇಳೋಕಾಗ್ತಿತ್ತಲ್ಲ ರೀ. ಫೋನಲ್ಲಿ ದಿನಾ ಅಮ್ಮನ ಕಣ್ಣು ಹೇಗಿದೆ ಅಂತ ಕೇಳಿದ್ರಿ. ಇದೊಂದನ್ನ ಹೇಳ್ಲಿಲ್ಲ."

ಗಂಡ ಗಟ್ಟಿಯಾಗಿದ್ದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟಿದ.

ಮುಂದಿನ ಗುರುವಾರಗಳು ಅವಳ ತಾಳ್ಮೆ ತಿಂದು ಹಾಕಿದವು. ದಿಂಬಿನ ಎತ್ತರದ ಬಗ್ಗೆ ಒಳ್ಳೆಯ ಮೇಲ್ ಬರೆದಳು, ಒಬ್ಬರಿಂದಲೂ ಉತ್ತರ ಬರಲಿಲ್ಲ. ತಾಯಿಗೆ ಫೋನ್ ಮಾಡಿ ಕೇಳಿದರೆ, "ಬಂದೇ ಇಲ್ವಲ್ಲೇ" ಎಂದರು. ಹುಡುಕಿಸಿದಾಗ ಅದು ಸ್ಪ್ಯಾಮಿನಲ್ಲಿ, ಲಾಟರಿ ಗೆದ್ದಿದ್ದೀರಿ ಎನ್ನುವ ಮೋಸದ ಮೇಲುಗಳ ನಡುವೆ ಬಿದ್ದಿತ್ತು. ದಿನಾ ಹೋದ ಆ ಕೆಂಪಕ್ಷರಗಳ ಪುಣ್ಯದಿಂದ ಹೆತ್ತ ತಾಯಿಯ ಫೋನಿಗೇ ಅವಳು ಕಸವಾಗಿದ್ದಳು. ಇತ್ತ ಭಾವ ಮತ್ತೊಂದು ರಿಯಾಯಿತಿ ಬಿಟ್ಟ. ಹಾಸಿಗೆ ಒಂದೂ ಹೋಗಲಿಲ್ಲ, ಒಂದು ದಿಂಬಿನ ಕವರು ಮಾರಾಟವಾಯಿತು, ಅಷ್ಟೇ.

"ನಿನ್ನ ಲಿಸ್ಟೇ ಸರಿ ಇಲ್ಲ," ಎಂದ ಭಾವ. "ಬರೀ ಓದೋರನ್ನ ಸೇರಿಸಿಟ್ಟಿದ್ದೀಯ."

ಆ ಗುರುವಾರ ಅವಳು ಏನನ್ನೂ ಕಳಿಸಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅವಳು ಕಳಿಸಲಿಲ್ಲ ಎಂಬುದು ಅಂಗಡಿಯಲ್ಲಿ ಯಾರ ಗಮನಕ್ಕೂ ಬಾರದ್ದು ಅವಳಿಗೆ ಇನ್ನಷ್ಟು ಚುಚ್ಚಿತು.

ಆ ಎರಡನೇ ಗುರುವಾರದ ಮರುದಿನ ಮಧ್ಯಾಹ್ನ ಖಾಕಿ ಅಂಗಿಯ ಮನುಷ್ಯನೊಬ್ಬ ಒಳಗೆ ಬಂದು, ಗಲ್ಲಾದಲ್ಲಿದ್ದ ಭಾವನನ್ನೇ ಕೇಳಿದ. "ವಾರಾ ವಾರಾ ಮೇಲ್ ಬರೆಯೋರು ಯಾರು ಸ್ವಾಮಿ? ನಾನು ಬಸ್ ಡ್ರೈವರು. ಅವರ ಮೇಲ್ ನಿಂತೇಹೋಯ್ತಲ್ಲ, ಅಂಗಡಿ ಮುಚ್ಚಿಬಿಟ್ರೇನೋ ಅಂದ್ಕೊಂಡೆ."

ದಿಂಬು ಜೋಡಿಸುತ್ತಿದ್ದ ಅವಳು "ನಾನೇ" ಎನ್ನುತ್ತ ಮುಂದೆ ಬಂದಳು. ಭಾವ ದೊಡ್ಡಸ್ತಿಕೆಯಿಂದ ಕೈ ಚಾಚಿದ. "ಕೊಡಿ ಫೋನು. ಸ್ಪ್ಯಾಮಿಗೆ ಹೋಗಿರುತ್ತೆ, ತೆಗೆದುಕೊಡ್ತೀನಿ." ಸ್ಪ್ಯಾಮ್ ತೆರೆದದ್ದೇ, ಸಾಲಾಗಿ ಅವನ ಕೆಂಪಕ್ಷರಗಳೇ ಎದುರಾದವು. ಡ್ರೈವರು ಬಗ್ಗಿ ನೋಡಿ ಜೋರಾಗಿ ಓದಿದ. "ಸೋಮವಾರ, ಇಂದೇ ಕೊನೆಯ ದಿನ. ಮಂಗಳವಾರ, ಇಂದೇ ಕೊನೆಯ ದಿನ. ಬುಧವಾರವೂ ಕೊನೆಯ ದಿನ! ಏನ್ ಸ್ವಾಮಿ, ನಿಮಗೆ ಎಷ್ಟು ಕೊನೆಯ ದಿನ? ನಮ್ಮ ಬಸ್ಸಲ್ಲಿ ಹೀಗೆ ದಿನಾ ಇದೇ ಕೊನೇ ಟ್ರಿಪ್ಪು ಅಂದ್ರೆ ಜನ ಹತ್ತೋದೇ ಬಿಡ್ತಾರೆ."

ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ನಕ್ಕರು. ಭಾವನ ಕಿವಿ ಕೆಂಪಾಯಿತು. ಅವುಗಳ ನಡುವೆಲ್ಲೋ ಇದ್ದ ದಿಂಬಿನ ಮೇಲನ್ನು ಹುಡುಕಿ ತೆಗೆಯುವಷ್ಟರಲ್ಲಿ ಅವನಿಗೆ ಬೆವರು ಬಂದಿತ್ತು. ಡ್ರೈವರು ಅಲ್ಲೇ ನಿಂತು ಅದನ್ನು ಪೂರ್ತಿ ಓದಿ, ಒಂದು ತೆಳು ದಿಂಬು ಕೊಂಡು, "ನಿಲ್ಲಿಸಬೇಡಿ ತಾಯಿ" ಎಂದು ಅವಳಿಗೆ ಹೇಳಿ ಹೊರಟುಹೋದ.

ಸಂಜೆ ಶಟರ್ ಎಳೆಯುವ ಹೊತ್ತಿಗೆ ಭಾವ ಅವಳ ಹತ್ತಿರ ಬಂದ. "ಆ ಪಾಸ್‌ವರ್ಡು ಬದಲಾಯಿಸ್ಕೊಂಡುಬಿಡು."

"ಊರಿಂದ ಬಂದ ವಾರಾನೇ ಬದಲಾಯಿಸ್ದೆ. ಆ ಎರಡನೇ ರಿಯಾಯಿತಿ ಕಳಿಸೋಕೆ ನೀವು ಇವರನ್ನ ಕೇಳಿದ್ರಿ, ಇವರು ನನ್ನ ಕಾಡಿ ಬೇಡಿ ಇಸ್ಕೊಂಡ್ರು. ಅವತ್ತೇ ಮತ್ತೆ ಬದಲಾಯಿಸಿದ್ದೀನಿ. ಈ ಸಲ ಇವರಿಗೂ ಗೊತ್ತಿಲ್ಲ."

ಗಂಡ ಬೀಗ ಹಾಕಲು ಬಗ್ಗಿದವನು ಬಗ್ಗಿಯೇ ಇದ್ದ.

"ಸರಿ ಬಿಡು," ಎಂದ ಭಾವ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರುವಂಥದ್ದಲ್ಲ, ಬರಲೂ ಇಲ್ಲ.

ಅವಳ ಸಿಟ್ಟೂ ಅಂದೇ ಇಳಿಯಲಿಲ್ಲ. ಕಟ್ಟಿದ್ದನ್ನು ಕೆಡವಲು ಒಂದು ವಾರ ಸಾಕಾಗಿತ್ತು. ಮತ್ತೆ ಕಟ್ಟಲು ವರ್ಷವೇ ಬೇಕಾಯಿತು. ಬಿಟ್ಟುಹೋದವರಿಗೆ ಬರೆಯುವ ಹಾಗಿರಲಿಲ್ಲ. ನರ್ಸಮ್ಮನ ಸಾಲುಗಳು ಮತ್ತೆ ಬರಲಿಲ್ಲ. ಉಳಿದವರಿಗೆ ಕ್ಷಮೆ ಕೇಳಿ ಬರೆದಳು. ಹೊಸದಾಗಿ ಬಂದವರನ್ನು, "ವಾರಕ್ಕೆ ಒಂದೇ, ಗುರುವಾರ ಮಾತ್ರ" ಎಂದು ಮಾತು ಕೊಟ್ಟು ಒಬ್ಬೊಬ್ಬರನ್ನೇ ಸೇರಿಸಿಕೊಂಡಳು. ವ್ಯಾಪಾರ ತಿಂಗಳಿಗೆ ಮೂರು ಹಾಸಿಗೆಗೆ ಬಂದು ನಿಂತಿತು, ಆಮೇಲೆ ನಾಲ್ಕಕ್ಕೆ. ರಿಯಾಯಿತಿ ಇಲ್ಲದೆ.

ಈಗಲೂ ಕೆಲವು ಗುರುವಾರ ಭಾವ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ.

"ಬೆಲೆನಾದ್ರೂ ಸ್ವಲ್ಪ ದಪ್ಪ ಅಕ್ಷರದಲ್ಲಿ ಹಾಕ್ಬಾರ್ದಾ?"

"ಹಾಕ್ಬಾರ್ದು," ಎಂದು ಅವಳು ಕಳಿಸುವ ಗುಂಡಿ ಒತ್ತುತ್ತಾಳೆ.