ಮತ್ತೆ ಮೊದಲಿಂದ ಹೇಳುವ ಮೇಷ್ಟ್ರು

ಕುಣಿಗಲ್ ತಾಲ್ಲೂಕಿನ ಬಿದಿರುಪಾಳ್ಯದ ಹೈಸ್ಕೂಲಿನಲ್ಲಿ ಓದಿದವರು ಎಲ್ಲೇ ಸಿಗಲಿ, ಎರಡು ಮಾತಾಡುವಷ್ಟರಲ್ಲಿ ಲಕ್ಷ್ಮೀನರಸಿಂಹಯ್ಯ ಮೇಷ್ಟ್ರ ಹೆಸರು ಬಂದೇ ಬರುತ್ತದೆ. ಎಪ್ಪತ್ತರ ದಶಕದಲ್ಲಿ ಅಲ್ಲಿ ಸಮಾಜ ಪಾಠ ಮಾಡುತ್ತಿದ್ದವರು ಅವರು. ಬಿಳಿ ಪಂಚೆ, ತೋಳು ಮಡಚಿದ ಷರ್ಟು, ಬೆರಳ ತುಂಬ ಸೀಮೆಸುಣ್ಣ. ಹೆಂಚಿನ ಆ ಕೋಣೆಯಲ್ಲಿ ನಿಂತು ಕಳಿಂಗ ಯುದ್ಧ ಹೇಳತೊಡಗಿದರೆ ಬೆಲ್ಲು ಹೊಡೆದದ್ದೂ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅಂಥ ಪಾಠ ಕೇಳಿದ ನಮ್ಮ ಕಾಲವೇ ಚೆನ್ನ ಅಂತ ಈಗಲೂ ಅನ್ನಿಸುತ್ತದೆ.

ಇಷ್ಟು ಒಳ್ಳೆಯ ಮೇಷ್ಟ್ರಿಗೆ ಒಂದೇ ಒಂದು ಚಾಳಿ. ಅದೂ ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಮಾರ್ಕೋನಹಳ್ಳಿ ನಾಲೆಗೆ ನೀರು ಬಿಟ್ಟರೆ ಒಂದಷ್ಟು ಮಕ್ಕಳು ನಾಟಿಗೆ ಹೋಗುತ್ತಿದ್ದರು. ರಾಗಿ ಕೊಯ್ಲಿಗೆ ಇನ್ನೊಂದಷ್ಟು. ತೆಂಗಿನಕಾಯಿ ಕೀಳಿಸುವುದು, ಅಕ್ಕನ ಬಾಣಂತನ, ಹೀಗೆ ಏನಾದರೊಂದು. ಹಾಗೆ ಹೋದವರು ತಿರುಗಿ ಬಂದು, ಕೊನೆಯ ಬೆಂಚಿನಲ್ಲಿ ಮಿಕಿಮಿಕಿ ನೋಡುತ್ತ ಕೂತರೆ ಮೇಷ್ಟ್ರ ಕರುಳು ಚುರುಕ್ ಅನ್ನುತ್ತಿತ್ತು.

“ಪಾಪ, ಇವ್ಳಿಗೆ ಪಾಠ ತಪ್ಪೋಗಿದೆ. ಮತ್ತೆ ಮೊದಲಿಂದ ಹೇಳ್ತೀನಿ, ಎಲ್ರೂ ಕೇಳಿ.”

ಎಲ್ಲರೂ ಕೇಳುತ್ತಿದ್ದರು. ಮತ್ತೆ ಅಶೋಕ, ಮತ್ತೆ ಕಳಿಂಗ. ಊರಿನವರಿಗೂ ಇದು ಅಭ್ಯಾಸವಾಗಿತ್ತು. ‘ಇವತ್ತು ಹೊಲಕ್ಕೆ ಬಾ ಮಗ, ಮೇಷ್ಟ್ರು ಹೆಂಗೂ ಇನ್ನೊಂದ್ಸಲ ಹೇಳ್ತಾರೆ’ ಎಂದು ಮಕ್ಕಳನ್ನು ಧೈರ್ಯವಾಗಿ ನಿಲ್ಲಿಸಿಕೊಳ್ಳುತ್ತಿದ್ದರು. ಮಕ್ಕಳು ನಿಂತಷ್ಟೂ ಮೇಷ್ಟ್ರು ಹಿಂದಕ್ಕೆ, ಮೇಷ್ಟ್ರು ಹಿಂದಕ್ಕೆ ಹೋದಷ್ಟೂ ಮಕ್ಕಳು ಹೊಲಕ್ಕೆ. ವರ್ಷವೆಲ್ಲ ಇದೇ ಕಥೆಯಾಗಿತ್ತು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟು ಬಂತು. ಮುಕ್ಕಾಲು ಮಕ್ಕಳು ಸಮಾಜದಲ್ಲಿ ಡುಮ್ಕಿ! ಆ ಬೇಸಿಗೆ ಮುಗಿಯುವುದರೊಳಗೆ ಫೇಲಾದ ಹುಡುಗಿಯರಲ್ಲಿ ಇಬ್ಬರ ಮದುವೆ ಆಗಿಹೋಯಿತು. ಒಂದು ಮದುವೆಯ ಊಟಕ್ಕೆ ಕರೆದಿದ್ದರು, ಮೇಷ್ಟ್ರು ಹೋದರು. ಧಾರೆಗೆ ಕೂತ ಹುಡುಗಿಯನ್ನು ನೋಡಿದ ಮೇಲೆ ಎಲೆಯ ಮುಂದೆ ಕೂರಲು ಮನಸ್ಸು ಬರಲಿಲ್ಲ.

ಅಲ್ಲಿಯೇ ಸಿಕ್ಕವನು ಕೆಂಪಯ್ಯ. ನಾಲೆಯ ಕೆಳಗೆ ಒಂದಿಷ್ಟು ಗದ್ದೆ, ಮೇಲೆ ರಾಗಿ ಹೊಲ ಇದ್ದ ರೈತ. ಅವನ ಮಗಳು ರೇವಮ್ಮ ಜೂನ್‌ಗೆ ಹತ್ತನೇ ಕ್ಲಾಸು. ತುಮಕೂರಿಗೆ ಹೋಗಿ ಟ್ರೈನಿಂಗ್ ಮಾಡಿ ಟೀಚರ್ ಆಗಬೇಕು ಎಂಬ ಆಸೆ ಆ ಹುಡುಗಿಗೆ.

“ಮೇಷ್ಟ್ರೇ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ,” ಎಂದ ಕೆಂಪಯ್ಯ. “ರೇವಂಗೆ ಒಂದೇ ಒಂದು ಚಾನ್ಸು. ಪಾಸಾದ್ರೆ ತುಮಕೂರಿಗೆ ಕಳಿಸ್ತೀನಿ. ಫೇಲಾದ್ರೆ ಅವರತ್ತೆ ಮಗ ಕಾಯ್ತವ್ನೆ, ಕೊಟ್ಬುಡ್ತೀನಿ.”

ಮೇಷ್ಟ್ರು ‘ಆಗಲಿ’ ಅಂದರು. ಆದರೆ ಅವರಿಗೆ ಒಳಗೊಳಗೇ ದಿಗಿಲು. ತಾನು ಇಷ್ಟು ಜೀವ ತೇಯ್ದು ಹೇಳಿಕೊಟ್ಟರೂ ಮಕ್ಕಳು ಫೇಲಾಗುವುದು ಏಕೆ ಎಂಬುದು ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ಅದೇ ಹೊತ್ತಿಗೆ ಗುಬ್ಬಿ ಕಡೆಯಿಂದ ವರ್ಗವಾಗಿ ಬಂದವರು ಗಣಿತದ ಪುಟ್ಟರಂಗಯ್ಯ. ತುಮಕೂರಿನಲ್ಲಿ ಟ್ರೈನಿಂಗ್ ಮಾಡುವಾಗ ಇಬ್ಬರೂ ಒಂದೇ ರೂಮಿನಲ್ಲಿದ್ದವರು. ಒಂದೇ ಚಾಪೆ, ಒಂದೇ ಸೀಮೆಎಣ್ಣೆ ಸ್ಟವ್, ಅನ್ನ ಸೀಯಿಸಿದ್ದು ಯಾರೆಂದು ವಾರಗಟ್ಟಲೆ ಜಗಳ. ಅಷ್ಟು ಸಲಿಗೆ ಇದ್ದುದರಿಂದಲೇ ಬೇರೆಯವರು ಆಡದ ಮಾತನ್ನು ಅವರು ಆಡಿದರು.

“ಏನಯ್ಯಾ, ನಿನ್ ಕ್ಲಾಸಲ್ಲಿ ಬ್ರಿಟಿಷರು ಇನ್ನೂ ದೇಶ ಬಿಟ್ಟೇ ಹೋಗಿಲ್ವಂತೆ?”

“ಯಾರು ಹೇಳಿದ್ದು?”

“ಫೇಲಾದೋರ ಹತ್ರ ತಗೊಂಡಿರೋ ಹಳೇ ಪುಸ್ತಕ ರೇವ ತೋರಿಸಿದ್ಲು. ಮೊದಲರ್ಧ ಕರಿ ಹಿಡಿದು ಹರಿದು ಚಿಂದಿ. ಕೊನೇ ಅರ್ಧ ಅಂಗಡೀಲಿ ಕೊಂಡಂಗೇ ಗರಿಗರಿ ಅಂತದೆ. ಪರೀಕ್ಷೇಲಿ ಪ್ರಶ್ನೆ ಕೇಳೋದು ಗರಿಗರಿ ಕಡೆಯಿಂದ್ಲೂ ಅಲ್ವೇನಯ್ಯ?”

ಮೇಷ್ಟ್ರ ಮುಖ ಕೆಂಪಾಯಿತು. “ಬಡವರ ಮಕ್ಕಳು ಕಣೋ. ಗದ್ದೆಯಿಂದ ಎದ್ದು ಬಂದ ಕೂಸಿಗೆ ಪಾಠ ಆಗೋಯ್ತು ಅಂತ ಹೆಂಗ್ ಹೇಳ್ಲಿ?”

“ಕುಣಿಗಲ್ ಬಸ್ಸಿಗೆ ಒಬ್ಬ ತಡವಾಗಿ ಬಂದ ಅಂತ, ಡ್ರೈವರ್ರು ಬಸ್ಸನ್ನ ತಿರುಗಿಸ್ಕೊಂಡು ಮತ್ತೆ ಸ್ಟ್ಯಾಂಡಿಂದ ಹೊರಡ್ತಾನಾ? ಹಂಗ್ ಮಾಡಿದ್ರೆ ಕೂತಿರೋರು ಯಾವತ್ತು ಊರು ಸೇರೋದು? ಬಸ್ಸಿನ ಟೈಮು ಗೊತ್ತಿದ್ರೆ ಜನ ತಾವೇ ಓಡ್ ಬರ್ತಾರೆ.”

“ಸಿಲಬಸ್ಸು ಇಲಾಖೆಯಿಂದ ಬಂದದಲ್ಲಪ್ಪ! ಬೀರುವಿನಲ್ಲಿದೆ.”

“ಬೀರುವಿನಲ್ಲಿದ್ರೆ ಯಾರಿಗೆ ಬಂತು ಭಾಗ್ಯ? ಅದರಲ್ಲಿ ಪಾಠದ ಹೆಸರಷ್ಟೇ ಅದೆ. ಯಾವುದು ಯಾವ ವಾರ, ಅದು ಮುಗಿದಾಗ ಮಕ್ಕಳಿಗೆ ಏನೇನು ಬರ್ಬೇಕು, ಟೆಸ್ಟ್ ಯಾವತ್ತು, ತಪ್ಪಿಸ್ಕೊಂಡೋರು ಮನೇಲಿ ಯಾವ ಪುಟ ಓದ್ಬೇಕು, ಇದನ್ನೆಲ್ಲ ನೀನು ಕೂತು ಮಾಡ್ಬೇಕು. ಮಾಡಿ ಎಲ್ಲರಿಗೂ ಕಾಣೋ ಕಡೆ ಹಾಕ್ಬೇಕು.”

ಮೇಷ್ಟ್ರು ಒಪ್ಪಲಿಲ್ಲ. ಪಾಠ ಅನ್ನುವುದು ಮನಸ್ಸಿನಿಂದ ಬರಬೇಕು, ವಾರದ ಲೆಕ್ಕ ಹಾಕಿದರೆ ರುಚಿ ಕೆಡುತ್ತದೆ ಎಂದು ವಾದಿಸಿದರು. ಕಡೆಗೆ ರೇವಮ್ಮನ ವಿಷಯ ನೆನಪಿಗೆ ಬಂದು ‘ಆಗಲಿ, ಮಾಡೋಣ’ ಅಂದರು. ಜೂನ್ ಬರುವ ಮೊದಲಿನ ಒಂದು ಭಾನುವಾರ ಇಬ್ಬರೂ ಜಗಲಿಯ ಮೇಲೆ ಪಂಚಾಂಗ ಹರಡಿಕೊಂಡು ಕೂತರು. ಕೆಂಪಯ್ಯನನ್ನೂ ಕರೆಸಿದರು.

“ನಾನ್ಯಾಕೆ? ನನಗೆ ಓದು ಬರಾಕಿಲ್ಲ,” ಎಂದ ಕೆಂಪಯ್ಯ.

“ರಾಗಿ ಕೊಯ್ಲು ಯಾವಾಗ ಅಂತ ನಮಗೆ ಬರಾಕಿಲ್ವಲ್ಲ, ಅದಕ್ಕೆ,” ಎಂದರು ಪುಟ್ಟರಂಗಯ್ಯ.

ಆಮೇಲೆ ಕೆಲಸ ಸಲೀಸಾಯಿತು. ಕಷ್ಟದ ಪಾಠಗಳೆಲ್ಲ ನಾಟಿಗೆ ಮುಂಚೆಯೋ, ನಾಟಿ ಮುಗಿದ ಮೇಲೋ. ಕೊಯ್ಲಿನ ವಾರಗಳಲ್ಲಿ ಹೊಸ ಪಾಠ ಬೇಡ, ಹಿಂದಿನದನ್ನು ತಿರುವಿ ಹಾಕುವುದು ಸಾಕು. ಮಳೆಯೋ, ಸಾವೋ, ನೋವೋ ಬಂದರೆ ಇರಲಿ ಎಂದು ಕೊನೆಗೆ ಒಂದೆರಡು ವಾರ ಖಾಲಿ. ಅಶೋಕನಿಗೆ ಎರಡೇ ವಾರ ಎಂದಾಗ ಮೇಷ್ಟ್ರಿಗೆ ಸಂಕಟವಾಯಿತು.

“ಇನ್ನೊಂದು ವಾರ ಹಾಕೋ,” ಎಂದು ಗೋಗರೆದರು.

“ಆಗಾಕಿಲ್ಲ. ಗಾಂಧೀಜಿಗೂ ಒಸಿ ಜಾಗ ಬೇಕು ಕಣಯ್ಯ.”

ಕೆಂಪಯ್ಯನಿಗೆ ಇನ್ನೂ ನಂಬಿಕೆ ಇರಲಿಲ್ಲ. “ಕಾಗದ ನೋಡ್ಕೊಂಡು ಪಾಠ ಮಾಡೋದು ಮೇಷ್ಟ್ರಿಗೆ ಕಷ್ಟ ಬುಡಿ,” ಎಂದು ನಕ್ಕು ಹೋದ. ಆದರೂ ಶಾಲೆ ಶುರುವಾದಾಗ ಕ್ಲಾಸಿನ ಬಾಗಿಲಿಗೆ ದೊಡ್ಡ ಅಕ್ಷರದ ಚಾರ್ಟು ಬಂತು. ಮಕ್ಕಳೆಲ್ಲ ಬರೆದುಕೊಂಡರು. ರೇವಮ್ಮ ಅದನ್ನು ಮನೆಯಲ್ಲಿ ಅಪ್ಪನಿಗೆ ಓದಿ ಹೇಳಿದಳು.

ನಾಟಿಗೆ ಹೋದ ಮಕ್ಕಳು ತಿರುಗಿ ಬಂದಾಗ ಮೇಷ್ಟ್ರ ಬಾಯಿಗೆ ಹಳೆಯ ಮಾತೇ ಬಂತು. ನಾಲಿಗೆ ಕಚ್ಚಿಕೊಂಡು, “ಪುಟ ಗೊತ್ತಲ್ಲ? ಓದಿ. ತಿಳೀದಿದ್ದು ಸಂಜೆ ಕೇಳಿ,” ಎಂದರು. ಅಂದು ಮನೆಗೆ ಹೋದ ಮೇಲೂ ತಾನು ಕಟುಕನಾದೆನೇನೋ ಎಂದು ಕೊರಗಿದರು. ಮಾರನೆಯ ದಿನ ಮಕ್ಕಳು ನಿಜವಾಗಿಯೂ ಓದಿಕೊಂಡು ಬಂದಿದ್ದರು. ಅವರು ಕೇಳಿದ ಪ್ರಶ್ನೆಗಳು ಅರ್ಧ ಗಂಟೆಯಲ್ಲಿ ಮುಗಿದವು.

ಸಂಕ್ರಾಂತಿ ಆದ ಮೇಲೆ ಎಣಿಸದ ಕಡೆಯಿಂದ ಪೆಟ್ಟು ಬಿತ್ತು. ಮೇಷ್ಟ್ರಿಗೇ ಕಾಮಾಲೆ! ಕಣ್ಣು ಹಳದಿಯಾಗಿ, ಎದ್ದು ನಿಲ್ಲಲು ತ್ರಾಣವಿಲ್ಲದೆ ತುಮಕೂರಿನ ತಮ್ಮನ ಮನೆ ಸೇರಿದರು. ಗಂಜಿ ಕುಡಿದು ಮಲಗಿದವರಿಗೆ ಒಂದೇ ಯೋಚನೆ: ಪರೀಕ್ಷೆ ಹತ್ತಿರ ಬಂತು, ರೇವ ಏನು ಮಾಡುತ್ತಾಳೆ? ಕೆಂಪಯ್ಯ ಹೇಳಿದಂತೆ ಮಾಡುವ ಆಸಾಮಿ. ಆ ಮಗುವಿನ ಓದನ್ನು ನಾನೇ ಕೆಡಿಸಿದೆನಲ್ಲ ಎಂದು ಕಣ್ಣಲ್ಲಿ ನೀರು ತುಂಬಿತು.

ಚೇತರಿಸಿಕೊಂಡು ಬಸ್ಸಿಳಿದವರೇ ನೇರ ಶಾಲೆಗೆ ನಡೆದರು. ಕ್ಲಾಸಿಗೆ ಹೋಗಿ, ಮೇಜು ಹಿಡಿದು ನಿಂತು, ತಾವು ನಿಲ್ಲಿಸಿದ್ದ ಪಾಠವನ್ನು ನೆನಪು ಮಾಡಿಕೊಂಡರು.

“ಅಸಹಕಾರ ಚಳುವಳಿ ಅರ್ಧಕ್ಕೇ ನಿಂತಿತ್ತು. ಮತ್ತೆ ಮೊದಲಿಂದ ಹೇಳ್ತೀನಿ...”

ಕ್ಲಾಸಿಗೆ ಕ್ಲಾಸೇ ಕಿಸಕ್ಕನೆ ನಕ್ಕಿತು. ರೇವಮ್ಮ ಎದ್ದು ನಿಂತಳು.

“ಸಾರ್, ಅದು ಆಗೋಯ್ತು. ಸ್ವಾತಂತ್ರ್ಯನೂ ಬಂತು. ಈಗ ಸಂವಿಧಾನದಲ್ಲಿದೀವಿ.”

“ಯಾರು ಮಾಡಿದ್ರು?”

“ಚಾರ್ಟಲ್ಲಿ ಇತ್ತಲ್ಲ ಸಾರ್. ಒಬ್ಬೊಬ್ರು ಒಂದೊಂದ್ ಭಾಗ ಓದ್ಕೊಂಡ್ ಬಂದು ಹೇಳಿದ್ವಿ. ಪುಟ್ಟರಂಗಯ್ಯ ಸಾರ್ ಟೆಸ್ಟ್ ಕೊಟ್ರು. ಮೂರು ಕಡೆ ಸಂಶಯ ಅದೆ, ನೀವು ಬರ್ಲಿ ಅಂತ ಬರ್ದಿಟ್ಟಿದೀವಿ. ಅದನ್ನ ಹೇಳ್ಕೊಡಿ ಸಾರ್.”

ಮೇಷ್ಟ್ರು ಕುರ್ಚಿಯ ಮೇಲೆ ಕೂತುಬಿಟ್ಟರು. ಇಷ್ಟು ವರ್ಷ ಮಕ್ಕಳ ಮೇಲೆ ತೋರಿಸಿದ್ದ ಕನಿಕರಕ್ಕಿಂತ ಈ ಚಾರ್ಟೇ ಆ ಮಕ್ಕಳಿಗೆ ಹೆಚ್ಚು ಒಳ್ಳೆಯದು ಮಾಡಿತ್ತು. ನಾಚಿಕೆಯೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು. ಆ ಮೂರು ಸಂಶಯಗಳನ್ನು ಅವರು ಬಿಡಿಸಿ ಹೇಳಿದ ರೀತಿಯನ್ನು ಆ ಕ್ಲಾಸಿನವರು ಇಂದಿಗೂ ಮರೆತಿಲ್ಲ. ಪಾಠದ ರುಚಿ ಒಂದಿಷ್ಟೂ ಕೆಟ್ಟಿರಲಿಲ್ಲ.

ಆ ವರ್ಷ ಸಮಾಜದಲ್ಲಿ ಫೇಲಾದವರು ಇಬ್ಬರೇ. ರೇವಮ್ಮ ಸೆಕೆಂಡ್ ಕ್ಲಾಸಿನಲ್ಲಿ ಪಾಸು. ತುಮಕೂರಿಗೆ ಹೊರಟ ಮಗಳ ಟ್ರಂಕನ್ನು ಬಸ್ಸಿನ ಮೇಲೆ ತಾನೇ ಹತ್ತಿಸಿ ಬಂದ ಕೆಂಪಯ್ಯ, ಹಾಗೇ ನೇರ ಮೇಷ್ಟ್ರ ಮನೆಗೆ ಬಂದ.

“ರೇವನ ಅತ್ತೆಗೆ ಈ ಸಂಬಂಧ ಆಗಾಕಿಲ್ಲ ಅಂತ ಹೇಳಿ ಕಳಿಸ್ದೆ ಮೇಷ್ಟ್ರೇ. ಈಗ ಚಿಕ್ಕೋಳು ಹತ್ತನೇ ಕ್ಲಾಸು. ಈ ವರ್ಷದ ಪಟ್ಟಿ ಯಾವಾಗ ಹಾಕ್ತೀರಾ? ನನ್ ತಮ್ಮನ ಮದ್ವೆಗೆ ದಿನ ನೋಡ್ಬೇಕು. ಹೊಸ ಪಾಠ ಇರೋ ವಾರ ಬ್ಯಾಡ ಅಂತ ಮನೇಲೆಲ್ಲ ಮಾತಾಡ್ಕೊಂಡಿದೀವಿ.”

ಓದುವವರೇ, ಕೇಳುವವರೇ, ನೀವು ಮೇಷ್ಟ್ರಾಗಿದ್ದರೆ ಶಾಲೆ ತೆರೆಯುವ ಮೊದಲೇ ಒಂದು ದಿನ ಕೂತು ವರ್ಷದ ಪಾಠಗಳನ್ನು ಕ್ರಮವಾಗಿ ಹಂಚಿಕೊಳ್ಳಿ. ನಿಮ್ಮೂರಿನ ಬಿತ್ತನೆ, ಕೊಯ್ಲು, ಹಬ್ಬ ನೋಡಿಕೊಂಡು ಹಂಚಿ. ಹಂಚಿದ್ದನ್ನು ಬೀರುವಿನಲ್ಲಿ ಇಡಬೇಡಿ, ಮಕ್ಕಳ ಕೈಗೆ ಕೊಡಿ. ಮಕ್ಕಳೇ, ಕೊಡದಿದ್ದರೆ ನಾಚದೆ ಕೇಳಿ ಪಡೆಯಿರಿ. ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಗಳಿದ್ದರೆ ಅವಳನ್ನು ಕರೆದು, ಈ ವಾರ ಯಾವ ಪಾಠ ಎಂದು ಇವತ್ತೇ ಕೇಳಿ. ಅವಳಿಗೆ ಗೊತ್ತಿಲ್ಲದಿದ್ದರೆ ನಾಳೆ ಬೆಳಿಗ್ಗೆ ಅವಳ ಜೊತೆ ನೀವೇ ಶಾಲೆಯ ತನಕ ಹೋಗಿ ಕೇಳಿಕೊಂಡು ಬನ್ನಿ.