ಮಾಸ್ತಿಕಲ್ಲಿನ ಬಳೆ

ಚಾಮರಾಜಪೇಟೆಯ ಆ ಗಲ್ಲಿಯ ಮಾಸ್ತಿಕಲ್ಲು ನಾಯಿಗಳಿಗೆ ಗೊತ್ತಿತ್ತು, ಕಸ ಎಸೆಯುವವರಿಗೆ ಗೊತ್ತಿತ್ತು. ಮಿಕ್ಕವರಿಗೆ ಅದೊಂದು ಕಲ್ಲು, ಅಷ್ಟೆ. ಗಂಡನ ಚಿತೆಯೇರಿದ ಯಾವುದೋ ಕಾಲದ ಹೆಂಗಸಿನ ಗುರುತು. ಎತ್ತಿದ ಬಲಗೈ, ಆ ಕೈತುಂಬ ಕೆತ್ತಿದ ಬಳೆ. ಹೆಸರಂತೂ ಯಾರೂ ಬರೆಸಿರಲಿಲ್ಲ.

ಹಳೇ ಕಲ್ಲುಗಳನ್ನು ಉಳಿಸುವ ಸಂಸ್ಥೆಯೊಂದರ ಶಶಿಕಿರಣ್ ಬಂದು ಗಲ್ಲಿಯ ಹೆಂಗಸರನ್ನು ಕೂಡಿಸಿದ. "ಬೇಲಿ ಹಾಕಿದ್ರೆ ಬೇಲೀನೇ ಕದೀತಾರೆ. ಪಕ್ಕದಲ್ಲಿ ನಿಮ್ಮಲ್ಲೊಬ್ರು ವ್ಯಾಪಾರಕ್ಕೆ ಕೂತ್ರೆ ಕಲ್ಲು ತಾನಾಗೇ ಉಳಿಯತ್ತೆ. ಅಂಗಡಿ ನಾವು ಹಾಕ್ಕೊಡ್ತೀವಿ," ಎಂದ. ದಿನಾ ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆಯಬೇಕು, ಎಣ್ಣೆ ಅರಿಶಿನ ಸೋಕಿಸಬಾರದು, ಕೆತ್ತನೆ ಚೂರು ಮುಕ್ಕಾದರೂ ಅಂಗಡಿ ಎತ್ತಬೇಕು ಎಂಬುದು ಷರತ್ತು. ಮಹಾನಂದ ಹಿಂದೆಮುಂದೆ ನೋಡದೆ ಒಪ್ಪಿದಳು. ಗಂಡ ಹೋದ ಮೇಲೆ ಮೈದುನನ ಮನೆಯಲ್ಲಿ ಮುಸುರೆ ತಿಕ್ಕಿ ಅವಳಿಗೆ ಸಾಕಾಗಿತ್ತು. ತೌರಿನವರು ಪೇಟೆಯಲ್ಲಿ ಬಳೆ ಮಾರಿದವರು. ಅವಳೂ ಬಳೆಯನ್ನೇ ಇಟ್ಟಳು.

ವಿಧವೆಯ ಕೈಯಲ್ಲಿ ಬಳೆ ತೊಡಿಸಿಕೊಳ್ಳುವವರಾರು? ಬಾಯಲ್ಲಿ "ಈಗಿನ ಕಾಲದಲ್ಲಿ ಅದೆಲ್ಲ ಯಾರ್ ನೋಡ್ತಾರೆ" ಎನ್ನುತ್ತಿದ್ದರು, ಕಾಲು ಮಾತ್ರ ಮುಂದಿನ ಅಂಗಡಿಗೆ ಹೋಗುತ್ತಿತ್ತು. ವೈಯಾಲಿಕಾವಲಿನ ಭಾಗೀರಥಮ್ಮ ಹಾಗೇ ಹಿಂಜರಿದು ನಿಂತಾಗ ಮಹಾನಂದಳ ಬಾಯಿಂದ ಸುಳ್ಳೊಂದು ಜಾರಿಬಿತ್ತು: "ನಾನಲ್ಲಮ್ಮ ಕೊಡೋದು, ಆ ತಾಯಿ. ಬಳೇನ ಕಲ್ಲಿನ ಕೈಗೆ ಮುಟ್ಟಿಸಿ ತೊಟ್ರೆ ಮುತ್ತೈದೆತನ ಗಟ್ಟಿ."

ಜನ ಮರುಳೋ ಜಾತ್ರೆ ಮರುಳೋ! ಶ್ರಾವಣ ಮುಗಿಯುವಷ್ಟರಲ್ಲಿ ಶುಕ್ರವಾರ ಸಾಲು ನಿಲ್ಲತೊಡಗಿತು. ಕಸ ಮಾಯ, ನಾಯಿ ಮಾಯ. ಶಶಿಕಿರಣ್ ಹಿಗ್ಗಿ ಫೋಟೊ ತೆಗೆದುಕೊಂಡು ಹೋದ. ಮಹಾನಂದ ತನ್ನದೇ ಒಂದು ಬಾಡಿಗೆ ಕೋಣೆ ಹಿಡಿದಳು. ತನ್ನ ಬಾಗಿಲಿಗೆ ತಾನೇ ಚಿಲಕ ಹಾಕಿಕೊಂಡು ಮಲಗುವ ಸುಖ ಅವಳು ಆವರೆಗೆ ಕಂಡಿರಲಿಲ್ಲ.

ಒಂದು ಮಧ್ಯಾಹ್ನ, ಗಲ್ಲಿ ಬಿಕೋ ಎನ್ನುವ ಹೊತ್ತು, ಅಂಗಡಿಯ ಮುಂದೆ ಒಂದು ಕೈ ಚಾಚಿಕೊಂಡಿತು. ಹೆಂಗಸಿನ ಮುಖಕ್ಕೆ ಸೆರಗು.

"ಬಳೆ ಬಿಗೀತಿವೆ. ತೆಗೀರಿ."

ಹಿಡಿದರೆ, ಕೈ ರೊಟ್ಟಿ ಹಂಚಿನ ಹಾಗೆ ಸುಡುತ್ತಿತ್ತು. ಕೂದಲು ಸುಟ್ಟ ವಾಸನೆ. "ಜ್ವರಾನಾ ಅಮ್ಮ?" ಎಂದಳು. ಸೋಪಿನ ನೀರು ಹಚ್ಚಿ, ಗೆಣ್ಣು ಒತ್ತಿ ಒತ್ತಿ ಒಂದೊಂದೇ ಬಳೆ ಇಳಿಸಿದಳು. ಬೂದುಬಣ್ಣದ ಬಳೆಗಳು, ಕೆಳಗೆ ಬಿದ್ದರೂ ಸದ್ದಿಲ್ಲ. ಕೊನೆಯದೊಂದು ಉಳಿದಾಗ ನಿಲ್ಲಿಸಿ ಹಸಿರು ಬಳೆಗೆ ಕೈ ಹಾಕಿದಳು. ಹೊಸದು ಏರುವ ತನಕ ಹಳೆಯದೊಂದು ಕೈಯಲ್ಲಿರಬೇಕು. ಹೆಣ್ಣಿನ ಕೈಯನ್ನು ಒಂದು ಗಳಿಗೆಯೂ ಬರಿದು ಮಾಡಬಾರದು. ಬಳೆಗಾರರ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

"ಹೊಸದು ಬೇಡ. ಅದನ್ನೂ ತೆಗೀರಿ."

"ಬರಿಗೈ ಮಾಡೋ ಹಾಗಿಲ್ಲಮ್ಮ. ನಮ್ಮ ಕಸುಬಲ್ಲಿ ಇಲ್ಲ."

"ನಿಮಗೆ ತೆಗೆದ್ರಲ್ಲ," ಎಂದಳು ಸೆರಗಿನವಳು. "ನನಗೆ ತೆಗೀಲಿಲ್ಲ. ಬಳೆ ಸಮೇತ ಬೆಂಕಿಗೆ ಕಳಿಸಿದ್ರು. ಈಗ ಶುಕ್ರವಾರ ಶುಕ್ರವಾರ ಇನ್ನಷ್ಟು ತಂದು ಮುಟ್ಟಿಸ್ತೀರಿ."

ಮಹಾನಂದ ಕತ್ತು ತಿರುಗಿಸದೆ ಕಣ್ಣಷ್ಟೇ ಹೊರಳಿಸಿದಳು. ಕಲ್ಲಿನ ಕೈ ನುಣ್ಣಗಿತ್ತು. ಮಣಿಕಟ್ಟಿನಲ್ಲಿ ಒಂದೇ ಬಳೆ ಉಳಿದಿತ್ತು. ಅಂಗಡಿ ಹೋಯಿತು, ಕೋಣೆ ಹೋಯಿತು, ಮತ್ತೆ ಮೈದುನನ ಮನೆಯ ಮುಸುರೆ. ಓಡಬೇಕೆನಿಸಿತು, ಹಿಡಿದ ಕೈ ಬಿಡಲಿಲ್ಲ. ಗಂಡ ಸತ್ತ ದಿನ ತನ್ನ ಬಳೆ ತೆಗೆದವರಿಗೆ ಅವಳು ಹಿಡಿಶಾಪ ಹಾಕಿದ್ದಳು. ಆದರೂ ಅಂದು ಸಂಜೆ ಯಾರೋ ಕೊಟ್ಟ ಗಂಜಿ ಕುಡಿದಿದ್ದಳು, ಬದುಕಿದ್ದಳು. ಇವಳಿಗೆ ಆ ಗಂಜಿಯೂ ಇರಲಿಲ್ಲ.

ಆ ಗೆಣ್ಣನ್ನು ಒತ್ತಿ ಕೊನೆಯ ಬಳೆ ಎಳೆದಳು. ಹಿಡಿದಿದ್ದ ಕೈ ತಣ್ಣಗಾಯಿತು, ಮರುಕ್ಷಣ ಇರಲೇ ಇಲ್ಲ. ಹಾಸಿದ್ದ ಬಟ್ಟೆಯ ಮೇಲೆ ಒಂದು ಹಿಡಿ ಕಲ್ಲಿನ ಪುಡಿ.

ಮರುದಿನ ಶುಕ್ರವಾರ. ಶಶಿಕಿರಣ್ ಬಂದವನೇ ಕಲ್ಲಿನ ಬರಿಗೈಯ ಮೇಲೆ ಬೆರಳಾಡಿಸಿದ.

"ಯಾರು ಮಾಡಿದ್ದು?"

"ನಾನೇ."

"ನಿಮ್ಮನ್ನ ನಂಬಿದ್ದೆ ಮಹಾನಂದಮ್ಮ," ಎಂದ. ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. "ಅಂಗಡಿ ಎತ್ಲೇಬೇಕು."

ಅಷ್ಟರಲ್ಲಿ ಭಾಗೀರಥಮ್ಮ ಹೊಸ ಸೊಸೆ ಅಕ್ಷಯಾಳನ್ನು ಕರೆದುಕೊಂಡು ಬಂದರು. ಕಲ್ಲು ನೋಡಿದ್ದೇ ಗಲ್ಲಗಲ್ಲ ಬಡಿದುಕೊಂಡರು. "ತಾಯಿ ಬಳೆ ಇಳಿಸಿ ನಮಗೆ ಪ್ರಸಾದ ಕೊಟ್ಟಿದಾಳೆ! ಪವಾಡ ಅಂತ ಒಂದ್ಮಾತು ಹೇಳ್ರಿ, ನಿಮ್ಮನ್ನ ಯಾರು ಎಬ್ಬಿಸ್ತಾರೋ ನೋಡೇಬಿಡ್ತೀವಿ." ಸಾಲಿನಲ್ಲಿದ್ದವರೆಲ್ಲ ಹೌದು ಹೌದೆಂದರು. ಶಶಿಕಿರಣ್ ಕೂಡ ಅವಳ ಬಾಯನ್ನೇ ನೋಡಿದ.

ಒಂದು ಮಾತು ಸಾಕಿತ್ತು. ಮಹಾನಂದಳಿಗೆ ಆ ಕೋಣೆ ಬೇಕಿತ್ತು, ಅಳು ಬರುವಷ್ಟು ಬೇಕಿತ್ತು. ಅಕ್ಷಯಾ ಆಗಲೇ ಬಳೆ ಹಿಡಿದು ಕಲ್ಲಿನತ್ತ ಕೈ ಚಾಚಿದ್ದಳು. ಮಹಾನಂದ ಎದ್ದು ಹೋಗಿ ಆ ಕೈಯನ್ನು ಹಿಡಿದುಕೊಂಡಳು.

"ಬೇಡ ಮಗಳೆ, ಮುಟ್ಟಿಸ್ಬೇಡ. ನಾನು ಹೇಳಿದ್ದೆಲ್ಲ ಸುಳ್ಳು. ಅವಳು ಯಾರಿಗೂ ಏನೂ ಕೊಡಲಿಲ್ಲ," ಎಂದಳು. "ನಿನ್ನೆ ಮಧ್ಯಾಹ್ನದವರೆಗೂ ಅವಳ ಕೈ ಇನ್ನೂ ಉರೀತಿತ್ತು."