ನಲವತ್ತು ನಿಮಿಷದ ದಾರಿ

ಬೆಟ್ಟಸಾಲಿನ ಈಚೆ ಟೈಲರಮ್ಮನ ಊರು, ಆಚೆ ಅವಳನ್ನು ಬಿಟ್ಟ ಗಂಡನ ಊರು. ಬಸ್ಸಿನಲ್ಲಿ ಬೆಟ್ಟ ಸುತ್ತಿಕೊಂಡು ಹೋದರೆ ಇಡೀ ಹಗಲು ಬೇಕು. ವಿಮಾನದಲ್ಲಾದರೆ ನಲವತ್ತೇ ನಿಮಿಷ. ಇಬ್ಬರೂ ಬೇರೆಯಾದಾಗ ಅವನು ಹೇಳಿದ್ದೂ ಅದನ್ನೇ.

"ನಲವತ್ತು ನಿಮಿಷ ಒಂದು ದೂರಾನಾ? ಮಗಳ ಓದು ನನ್ನ ಹತ್ರಾನೇ ಆಗ್ಲಿ. ಪ್ರತಿ ತಿಂಗಳು ಅವಳನ್ನ ವಿಮಾನ ಹತ್ತಿಸಿ ಕಳಿಸ್ತೀನಿ."

ಹೊಲಿಗೆಯಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕಿದ್ದ ಟೈಲರಮ್ಮ ಎದೆಯ ಮೇಲೆ ಕಲ್ಲಿಟ್ಟುಕೊಂಡು ಹೂಂ ಅಂದಿದ್ದಳು.

ಅವನು ಮಾತು ತಪ್ಪಲಿಲ್ಲ. ಪುಟ್ಟಿ ಕೊರಳಿಗೆ ಹೆಸರಿನ ಚೀಟಿ ನೇತುಹಾಕಿಕೊಂಡು, ವಿಮಾನದವರ ಕೈ ಹಿಡಿದುಕೊಂಡು ಬರುತ್ತಿದ್ದಳು. ಮೊದಮೊದಲು "ಅಮ್ಮಾ" ಎಂದು ಕಿರುಚುತ್ತ ಓಡಿಬಂದರೆ ಕಾವಲಿನವನೂ ನಗುತ್ತಿದ್ದ. ಬರಬರುತ್ತ ಓಟ ನಡಿಗೆಯಾಯಿತು. ಆಮೇಲೆ ಒಂದು ತಿಂಗಳು ಪರೀಕ್ಷೆ, ಇನ್ನೊಂದು ತಿಂಗಳು ನೆಗಡಿ, ಮತ್ತೊಂದು ತಿಂಗಳು ಗೆಳತಿಯ ಹುಟ್ಟುಹಬ್ಬ.

ಕರುಳು ಕೇಳಬೇಕಲ್ಲ? ಶಾಲೆಯ ವಾರ್ಷಿಕೋತ್ಸವದ ದಿನ ನೋಡಿಕೊಂಡು, ನೀಲಿ ಫ್ರಾಕೊಂದನ್ನು ಹೊಲಿದು, ಯಾರಿಗೂ ಹೇಳದೆ ಟೈಲರಮ್ಮ ತಾನೇ ವಿಮಾನ ಹತ್ತಿದಳು. ರೆಕ್ಕೆ ಕಟ್ಟಿದ ಬಸ್ಸಿನಂಥ ವಿಮಾನ. ಜೀವ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕೂತವಳು ಬಿಡುವಷ್ಟರಲ್ಲಿ ನೆಲ ಕಂಡಿತು. 'ಅಯ್ಯೋ, ಇಷ್ಟೇನಾ! ಇಷ್ಟು ದಿನ ಯಾಕೆ ಬರಲಿಲ್ಲ ನಾನು?' ಎಂದು ತನ್ನನ್ನೇ ಬೈದುಕೊಂಡಳು.

ಶಾಲೆಯ ಅಂಗಳದಲ್ಲಿ ಪುಟ್ಟಿ ನಾಟಕದ ಬಣ್ಣ ಹಚ್ಚಿಕೊಂಡು ಗೆಳತಿಯರ ನಡುವೆ ನಿಂತಿದ್ದಳು. ಭುಜ ಅಗಲವಾಗಿತ್ತು, ತೋಳು ಉದ್ದವಾಗಿತ್ತು. ತಾನು ಹೊಲಿದು ತಂದದ್ದು ಇವಳಿಗೆ ಹಿಡಿಯುವುದಿಲ್ಲವೆಂದು ಟೈಲರಮ್ಮನಿಗೆ ಒಂದೇ ನೋಟಕ್ಕೆ ತಿಳಿಯಿತು.

"ಯಾರೇ ಇವ್ರು?" ಎಂದಳು ಒಬ್ಬ ಗೆಳತಿ.

ಪುಟ್ಟಿ ಟೈಲರಮ್ಮನ ಮುಖ ನೋಡಿದಳು. ಬಾಗಿಲಲ್ಲಿ ಬಾಚಣಿಗೆ ಹಿಡಿದು ನಿಂತಿದ್ದ, ಅಪ್ಪ ಆಮೇಲೆ ಮದುವೆಯಾದ ಚಿಕ್ಕಮ್ಮನ ಕಡೆ ನೋಡಿದಳು. "ನಮ್ಮ ದೊಡ್ಡಮ್ಮ," ಅಂದಳು.

ಟೈಲರಮ್ಮ ನಕ್ಕಳು. "ಹೂಂ ಕಣ್ರಮ್ಮಾ, ದೊಡ್ಡಮ್ಮ. ಹಾರ್ಕೊಂಡು ಬಂದೆ!"

ನಾಟಕ ಮುಗಿದ ಮೇಲೆ ಆ ಚಿಕ್ಕಮ್ಮ ಹತ್ತಿರ ಬಂದಳು. ಕೆಟ್ಟವಳಲ್ಲ ಪಾಪ.

"ಅಕ್ಕಾ, ತಪ್ಪು ತಿಳ್ಕೋಬೇಡಿ. ನಿಮ್ಮನ್ನ ಬಿಟ್ಟು ಬಂದ್ಮೇಲೆ ಎರಡು ದಿನ ಅವಳು ಬಾಯಿ ಬಿಡಲ್ಲ, ಅನ್ನ ಮುಟ್ಟಲ್ಲ. ಇನ್ನು ಕಳಿಸ್ಬೇಡಿ ಅಂತ ಅವಳೇ ಅತ್ಲು. ನಿಮಗೆ ಹೇಗೆ ಹೇಳೋದಂತ ತಿಳೀದೆ ನೆಗಡಿ ಗಿಗಡಿ ಅಂದ್ವಿ."

ಮಗಳು ತನ್ನನ್ನು ಮರೆತಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಟೈಲರಮ್ಮನಿಗೆ. "ಹಾಗಾದ್ರೆ ಕಳಿಸ್ಬೇಡಿ ತಾಯಿ. ಮಗು ಹೊಟ್ಟೆ ತುಂಬ ಊಟ ಮಾಡ್ಲಿ," ಅಂದಳು.

ಹೊರಡುವಾಗ ಪುಟ್ಟಿ ಗೇಟಿನವರೆಗೂ ಬಂದಳು. ಅಲ್ಲಿ ಯಾರೂ ಇರಲಿಲ್ಲ.

"ಅಮ್ಮಾ... ಬೇಜಾರಾಯ್ತಾ?"

"ಇಲ್ಲ ಕಂದಾ. ಚೆನ್ನಾಗಿ ನಟಿಸ್ದೆ ನೀನು."

ಸಂಜೆಯ ವಿಮಾನ ಮೇಲೇರುತ್ತಿದ್ದಂತೆ ತಡೆದಿಟ್ಟಿದ್ದ ಅಳು ಕಟ್ಟೆಯೊಡೆಯಿತು. ಇಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳೀತೆಂದು ಬಾಯಿಬಿಟ್ಟೇ ಅತ್ತಳು. ಭಯಪಟ್ಟಳೆಂದುಕೊಂಡ ಗಗನಸಖಿ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. "ಹೆದರ್ಬೇಡಿ ಅಮ್ಮಾ, ಇನ್ನೇನು ಇಳಿದೇಬಿಡ್ತೀವಿ."

ಟೈಲರಮ್ಮ ಇಳಿಯುವ ತನಕ ಆ ಕೈ ಬಿಡಲಿಲ್ಲ. ಪುಟ್ಟಿಯನ್ನು ಮತ್ತೆಂದೂ ಬಾ ಎಂದು ಕರೆಯಲೂ ಇಲ್ಲ.